ರಾಜಧಾನಿಯ ಚರಿತ್ರೆಯನ್ನು ತೋರಿಸುವವರು ಯಾರು?

ನಮ್ಮ ಜಿಲ್ಲೆಯ ದುಡಿಯುವ ಜನ ಬೆಂಗಳೂರಿಗೆ ಹೋಗುವುದು ಬಹುಮಟ್ಟಿಗೆ ಮೂರು ಕಾರಣಗಳಿಗೆ. ಬೋನಸ್ಸೋ ಗ್ರಾಚ್ಯುಟಿಯೋ ತಗಾದೆಗೆ ಬಿದ್ದಾಗ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ. ಮನೆಯಲ್ಲಿ ದೊಡ್ಡ ಕಾಯಿಲೆ ಬಂದಾಗ ವಿಕ್ಟೋರಿಯಾ ಆಸ್ಪತ್ರೆಗೋ ಕಿದ್ವಾಯಿಗೋ. ಬೇಡಿಕೆ ಹಿಡಿದು ಹೊರಟಾಗ ಫ್ರೀಡಂ ಪಾರ್ಕಿಗೆ. ಸಣ್ಣ ವ್ಯಾಪಾರಿಗಳಿಗೆ ನಾಲ್ಕನೆಯದೊಂದು ಕಾರಣವಿದೆ: ಚಿಕ್ಕಪೇಟೆಯಲ್ಲಿ ಸರಕು ಕೊಳ್ಳುವುದು. ರಾತ್ರಿ ರೈಲು ಹತ್ತಿ ಹೋಗುತ್ತೇವೆ, ಕೆಲಸ ಮುಗಿಸುತ್ತೇವೆ, ರಾತ್ರಿ ರೈಲಿಗೇ ಹಿಂತಿರುಗುತ್ತೇವೆ. ಇಷ್ಟು ವರ್ಷ ಹೋಗಿ ಬಂದರೂ ನಮ್ಮ ರಾಜಧಾನಿಯನ್ನು ನಾವು ನೋಡಿದ್ದೇವೆಯೇ ಎಂದು ಯಾರಾದರೂ ಕೇಳಿದರೆ, ಬಸ್ಸಿನ ಕಿಟಕಿಯಿಂದ ವಿಧಾನಸೌಧ ಕಂಡಿತು ಎಂಬುದರ ಆಚೆಗೆ ಹೇಳಲು ನಮ್ಮಲ್ಲಿ ಹೆಚ್ಚಿಗೆ ಏನೂ ಇರುವುದಿಲ್ಲ.

ಅದೇ ಬೆಂಗಳೂರಿನಲ್ಲಿ ಈಗ ಕೆಲವು ವರ್ಷಗಳಿಂದ ಬೇರೊಂದು ಬಗೆಯ ತಿರುಗಾಟ ನಡೆಯುತ್ತಿದೆ. ಭಾನುವಾರದ ದಿನ ಬಿಸಿಲೇರುವ ಮುಂಚೆ ಹತ್ತಿಪ್ಪತ್ತು ಮಂದಿ ಒಂದೆಡೆ ಸೇರುತ್ತಾರೆ. ಊರಿನ ಚರಿತ್ರೆ ಬಲ್ಲವರೊಬ್ಬರು ಮುಂದೆ, ಉಳಿದವರು ಹಿಂದೆ. ಕೋಟೆ, ಪೇಟೆ, ಗುಡಿ, ಮಸೀದಿ, ಇಗರ್ಜಿ, ಹಳೆಯ ಬಂಗಲೆ, ಹಳೆಯ ಮರ ಇವನ್ನೆಲ್ಲ ನೋಡುತ್ತ, ಕೇಳುತ್ತ ಎರಡು ಮೂರು ಗಂಟೆ ನಡೆಯುತ್ತಾರೆ. ಕೊನೆಗೆ ಹೋಟೆಲಿನಲ್ಲಿ ದೋಸೆ, ಕಾಫಿ. ಇದಕ್ಕೆ ಪಾರಂಪರಿಕ ನಡಿಗೆ ಎಂದು ಹೆಸರು.

ಇದು ಒಳ್ಳೆಯ ಕೆಲಸವೆಂದು ಮೊದಲೇ ಹೇಳಿಬಿಡುತ್ತೇನೆ. ನಾನು ಮೇಷ್ಟರಾಗಿದ್ದ ಕಾಲದಲ್ಲಿ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವಾಗ ಕಂಡ ಮಾತೊಂದಿದೆ. ಬಸ್ಸಿನಲ್ಲಿ ಕೂತ ಹುಡುಗನಿಗೆ ಕಟ್ಟಡದ ಗಾತ್ರ ಕಾಣುತ್ತದೆ. ಇಳಿದು ನಡೆದ ಹುಡುಗನಿಗೆ ಪ್ರಶ್ನೆ ಹುಟ್ಟುತ್ತದೆ. “ಸಾರ್, ಇಷ್ಟು ದೊಡ್ಡ ಕಲ್ಲು ಮೇಲಕ್ಕೆ ಎತ್ತಿದ್ದು ಯಾರು?” ಎಂದು ಕೇಳುತ್ತಾನೆ. ಪಠ್ಯಪುಸ್ತಕದಲ್ಲಿ ಕಟ್ಟಿಸಿದವರ ಹೆಸರಿರುತ್ತದೆ, ಎತ್ತಿದವರದಿರುವುದಿಲ್ಲ. ಕಟ್ಟಿದವರಿಗೂ ಕಟ್ಟಿಸಿದವರಿಗೂ ಇರುವ ಅಂತರವೇ ನಮ್ಮ ಚರಿತ್ರೆಯ ಅರ್ಧ ಭಾಗ. ಅದನ್ನು ಕಾಣಬೇಕಾದರೆ ಕಾಲ್ನಡಿಗೆಗಿಂತ ಒಳ್ಳೆಯ ಪಾಠಶಾಲೆ ಮತ್ತೊಂದಿಲ್ಲ.

ಆದರೆ ಈ ಪಾಠಶಾಲೆಗೂ ಒಬ್ಬ ಮೇಷ್ಟರಿರುತ್ತಾನೆ. ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲದೆ ಮುಂದೆ ಹೋಗಬೇಕು ಎಂಬುದನ್ನು ಅವನು ತೀರ್ಮಾನಿಸುತ್ತಾನೆ. ಅವನು ನಿಂತು ಮಾತನಾಡಿದ ಜಾಗ ಚರಿತ್ರೆಯಾಗುತ್ತದೆ, ದಾಟಿಹೋದ ಜಾಗ ಬರಿಯ ರಸ್ತೆಯಾಗುತ್ತದೆ. ಇಂದಿನ ನಡಿಗೆಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿ ನಡೆಯುತ್ತವೆ, ಶುಲ್ಕ ಕೊಡಬಲ್ಲವರಿಗಾಗಿ ನಡೆಯುತ್ತವೆ, ಅರಸರು ಮತ್ತು ದೊರೆಗಳು ಬಿಟ್ಟುಹೋದ ಕಲ್ಲುಗಳ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತವೆ. ಬೆಂಗಳೂರನ್ನು ಕಟ್ಟಿದ ಜನ ಅಲ್ಲಿ ಕೇಳುವವರಾಗಿಯೂ ಇಲ್ಲ, ಹೇಳುವವರಾಗಿಯೂ ಇಲ್ಲ, ಹೇಳಿದ ಕತೆಯಲ್ಲಿಯೂ ಇಲ್ಲ. ನನ್ನ ತಕರಾರು ಇರುವುದು ಇಷ್ಟರ ಮೇಲೆ.

ಒಂದು ದಿನದ ದಾರಿ

ತಕರಾರು ಹೇಳಿ ಸುಮ್ಮನಾಗುವುದು ಸುಲಭ. ಆದ್ದರಿಂದ ಓದುಗ ಬಂಧುಗಳನ್ನು ನಾನೇ ಒಂದು ಸುತ್ತು ಕರೆದೊಯ್ಯುತ್ತೇನೆ. ಹೊರಡುವುದು ಮೆಜೆಸ್ಟಿಕ್‌ನಿಂದ, ನಾವೆಲ್ಲರೂ ಇಳಿಯುವುದು ಅಲ್ಲಿಯೇ.

ಕೆಂಪೇಗೌಡ ಬಸ್ ನಿಲ್ದಾಣದ ನೆಲ ಹಿಂದೆ ಧರ್ಮಾಂಬುಧಿ ಎಂಬ ಕೆರೆಯ ಅಂಗಳ. ಪೇಟೆಯ ಜನಕ್ಕೆ ನೀರು ಕೊಟ್ಟ ಕೆರೆ ಅದು. ಬೆಂಗಳೂರಿಗೆ ದೊಡ್ಡ ನದಿಯಿಲ್ಲ. ಈ ಊರು ಬದುಕಿದ್ದು ಕೆರೆಗಳಿಂದ. ಗುದ್ದಲಿ ಹಿಡಿದು ಅಗೆದು, ಮಂಕರಿಯಲ್ಲಿ ಮಣ್ಣು ಹೊತ್ತು ಏರಿ ಹಾಕಿದ ಜನರಿಲ್ಲದಿದ್ದರೆ ಯಾವ ಪಾಳೆಯಗಾರನೂ ಇಲ್ಲಿ ಪೇಟೆ ಕಟ್ಟಲಾಗುತ್ತಿರಲಿಲ್ಲ. ಇಂದು ಅಲ್ಲಿ ಬಸ್ಸಿಗಾಗಿ ಓಡುವ ಸಾವಿರಾರು ಮಂದಿಗೆ ತಾವು ಕೆರೆಯಂಗಳದಲ್ಲಿ ಓಡುತ್ತಿದ್ದೇವೆಂದು ತಿಳಿಯದು.

ಅಲ್ಲಿಂದ ಚಿಕ್ಕಪೇಟೆಗೆ ನಡೆಯಿರಿ. ಹಿಂದೆ ದೊಡ್ಡಪೇಟೆ ಎನಿಸಿಕೊಂಡಿದ್ದ ಈಗಿನ ಅವೆನ್ಯೂ ರಸ್ತೆ ಚಿಕ್ಕಪೇಟೆಯನ್ನು ಕೂಡುವ ಚೌಕದಿಂದ 1537ರಲ್ಲಿ ಕೆಂಪೇಗೌಡ ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿದನೆಂದು ಪ್ರತೀತಿ. ನಡಿಗೆಯವರೆಲ್ಲ ಇಲ್ಲಿ ನಿಂತು ಈ ಕತೆ ಹೇಳುತ್ತಾರೆ, ಹೇಳಲಿ. ಆದರೆ ಕತೆ ಮುಗಿದ ಮೇಲೆ ಸುತ್ತಲಿನ ಬೀದಿಗಳ ಹೆಸರನ್ನು ಒಂದೊಂದಾಗಿ ಓದಬೇಕು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ತಿಗಳರಪೇಟೆ, ನಗರ್ತಪೇಟೆ. ಅರಸನ ಹೆಸರು ಎಷ್ಟಿವೆ, ಕಸುಬಿನ ಹೆಸರು ಎಷ್ಟಿವೆ ಎಂದು ಎಣಿಸಿ ನೋಡಿ. ಎಣ್ಣೆ ಹಿಂಡಿದವರು, ಮಡಕೆ ಮಾಡಿದವರು, ಹತ್ತಿ ಮಾರಿದವರು ತಮ್ಮ ಸಹಿಯನ್ನು ಬೀದಿಗಳ ಮೇಲೆ ಹಾಕಿದ್ದಾರೆ. ಇಂಗ್ಲಿಷರ ಕಂಪನಿಯ ಪರವಾಗಿ 1800ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಬೆಂಗಳೂರಿನ ನೇಕಾರರು, ಬಣ್ಣಗಾರರು, ವರ್ತಕರು ಇವರ ಕಸುಬಿನ ವಿವರಗಳನ್ನು ಬರೆದಿಟ್ಟ. ಕಂಪನಿಗೆ ಬೇಕಾಗಿದ್ದುದು ಈ ಊರಿನ ಸೊಬಗಲ್ಲ, ಇಲ್ಲಿನ ಉತ್ಪತ್ತಿಯ ಲೆಕ್ಕ. ಪೇಟೆಯ ಬೆಲೆ ಏನೆಂದು ಪರಕೀಯರಿಗೆ ಗೊತ್ತಿತ್ತು. ನೇಕಾರರ ಬೀದಿಗಳಿಗೆ ಹೆಸರಾದ ಕಬ್ಬನ್‌ಪೇಟೆಯಲ್ಲಿ ಇಂದಿಗೂ ನಿಂತಿರುವುದು ಇಂಗ್ಲಿಷ್ ಕಮಿಷನರನ ಹೆಸರು, ಮಗ್ಗದವನದಲ್ಲ.

ಸಣ್ಣ ವ್ಯಾಪಾರಿಗಳೇ, ನಿಮಗೆ ಇಲ್ಲಿ ವಿಶೇಷವಾಗಿ ಹೇಳುವುದಿದೆ. ಈ ಪೇಟೆಯನ್ನು ನೋಡಲು ಬರುವ ಕೆಲವರು ಇಕ್ಕಟ್ಟಾದ ಅಂಗಡಿ, ಕೈಗಾಡಿ, ಹಮಾಲಿಗಳನ್ನು ಹಳೆಯ ಕಾಲದ ಚಿತ್ರದಂತೆ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಆದರೆ ಅದು ಚಿತ್ರವಲ್ಲ, ಬದುಕು. ಸುಮಾರು ಐನೂರು ವರ್ಷ ಸಣ್ಣ ಬಂಡವಾಳ, ಸಾಲ, ನಂಬಿಕೆ, ಹೊರೆ ಹೊರುವವನ ಬೆನ್ನು ಇವುಗಳ ಮೇಲೆ ನಿಂತ ವ್ಯವಹಾರ ಅದು. ನೀವು ಸರಕಿಗೆ ಹೋಗುವ ಅಂಗಡಿಯೂ ಆ ಚರಿತ್ರೆಯ ಒಂದು ಕೊಂಡಿ, ಆ ಸರಕನ್ನು ತಂದು ಮಾರುವ ನೀವೂ ಒಂದು ಕೊಂಡಿ.

ಇದೇ ಪೇಟೆಯಲ್ಲಿ ಚೈತ್ರದ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಕರಗ ಹೊರಡುತ್ತದೆ. ಹೂವು, ತರಕಾರಿ ಬೆಳೆದು ಬದುಕಿದ ತಿಗಳರ ಉತ್ಸವವದು. ಹೊತ್ತವನು ರಾತ್ರಿಯಿಡೀ ಬೀದಿ ಬೀದಿ ನಡೆದು, ಕಾಟನ್‌ಪೇಟೆಯಲ್ಲಿ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತಾನೆ. ಊರಿನ ಚರಿತ್ರೆಯನ್ನು ನಡೆದು ನೆನೆಯುವ ಪದ್ಧತಿ ನಮಗೆ ಹೊಸದಲ್ಲ. ಶುಲ್ಕವಿಲ್ಲದೆ, ಇಂಗ್ಲಿಷಿಲ್ಲದೆ ತೋಟಗಾರರು ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದಾರೆ.

ಅವೆನ್ಯೂ ರಸ್ತೆ ಹಿಡಿದು ತೆಂಕಣಕ್ಕೆ ಹೋದರೆ ಮಾರುಕಟ್ಟೆ, ಅದರ ಪಕ್ಕದಲ್ಲಿ ಕೋಟೆಯ ಉಳಿದ ತುಣುಕು. 1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸನ ಸೈನ್ಯ ಮೊದಲು ಪೇಟೆಯನ್ನೂ ಆಮೇಲೆ ಕೋಟೆಯನ್ನೂ ಹಿಡಿಯಿತು. ಗೋಡೆ ಒಡೆದು ಬ್ರಿಟಿಷರು ನುಗ್ಗಿದ್ದು ಇಲ್ಲಿಂದ ಎಂದು ಹೇಳುವ ಕಲ್ಲು ಫಲಕ ಇಂದಿಗೂ ಇದೆ. ಒಳಗೆ ನಿಂತು ಕಾದು ಸತ್ತ ವೃದ್ಧ ಕಿಲ್ಲೇದಾರ ಬಹಾದ್ದೂರ್ ಖಾನನ ಹೆಸರಾಗಲಿ, ಅವನೊಡನೆ ಬಿದ್ದ ಸಿಪಾಯಿಗಳ ಮಾತಾಗಲಿ ಆ ಫಲಕದಲ್ಲಿಲ್ಲ. ಆ ಯುದ್ಧದಲ್ಲಿ ಸತ್ತ ಬ್ರಿಟಿಷರಿಗಾಗಿ ಹಲಸೂರು ಗೇಟಿನ ಬಳಿ ಒಂದು ಸ್ಮಾರಕಸ್ತಂಭವಿತ್ತು. ಕನ್ನಡ ಚಳವಳಿಗಾರರ ಒತ್ತಾಯದಿಂದ 1964ರಲ್ಲಿ ಅದನ್ನು ಕೆಡವಿದರು, ಆ ರಸ್ತೆ ನೃಪತುಂಗ ರಸ್ತೆಯಾಯಿತು. ದೊರೆಗಳ ಕಂಬ ಹೋಯಿತು, ಅರಸನ ಹೆಸರು ಬಂತು. ಸಿಪಾಯಿಗೆ ಆಗಲೂ ಜಾಗ ಸಿಗಲಿಲ್ಲ.

ಎರಡು ಊರು, ನಡುವೆ ಒಂದು ತೋಟ

ಇಲ್ಲಿಂದ ಮುಂದೆ ಕಂಠೀರವ ಕ್ರೀಡಾಂಗಣ. ಅದೂ ಹಿಂದೆ ಕೆರೆಯೇ, ಸಂಪಂಗಿ ಕೆರೆ. ಈಗ ಉಳಿದಿರುವುದು ಕರಗದ ಪೂಜೆಗೆ ಬೇಕಾದ ಪುಟ್ಟ ಕೊಳ ಮಾತ್ರ. ಅದರಾಚೆ ಕಬ್ಬನ್ ಪಾರ್ಕು. ಉದ್ಯಾನದ ಸೊಬಗನ್ನು ಹೊಗಳುವವರು ಅದರ ಇನ್ನೊಂದು ಕೆಲಸವನ್ನೂ ಹೇಳಬೇಕು. 1809ರಲ್ಲಿ ಇಂಗ್ಲಿಷರು ಶ್ರೀರಂಗಪಟ್ಟಣದಿಂದ ತಮ್ಮ ದಂಡನ್ನು ಬೆಂಗಳೂರಿಗೆ ತಂದರು. ಅಂದಿನಿಂದ ಇಲ್ಲಿ ಎರಡು ಊರು ಬೆಳೆದವು: ಪಡುವಣಕ್ಕೆ ಕನ್ನಡ, ತೆಲುಗು ಮಾತಿನ ಪೇಟೆ, ಮೂಡಣಕ್ಕೆ ದಂಡು. ದಂಡಿನಲ್ಲಿ ಇಂಗ್ಲಿಷರ ಬಂಗಲೆಗಳಿದ್ದವು, ಅವುಗಳ ಚಾಕರಿಗೆ ಬಂದ ತಮಿಳು ಕೂಲಿಗಳ, ಬಟ್ಲರುಗಳ, ಅಗಸರ ಬೀದಿಗಳೂ ಇದ್ದವು. 1862ರಲ್ಲಿ ಎರಡಕ್ಕೂ ಬೇರೆ ಬೇರೆ ಪುರಸಭೆಗಳಾದವು. 1870ರಲ್ಲಿ ಎದ್ದ ಈ ತೋಟ ಎರಡೂ ಊರುಗಳ ನಡುವಿನ ಗಡಿಯಂತೆ ನಿಂತಿತು. ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ ಎರಡೂ ಸೇರಿ ಒಂದು ನಗರಪಾಲಿಕೆಯಾಯಿತು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಅದೇ ಊರು ಐದು ಪಾಲಿಕೆಗಳಾಗಿ ಒಡೆಯಿತು. ಆಡಳಿತ ಕೂಡಿಸಬಹುದು, ಕಳೆಯಬಹುದು. ಬಂಗಲೆಯ ಬೀದಿಗೂ ಕೂಲಿಯ ಬೀದಿಗೂ ಇರುವ ಗಡಿ ಮಾತ್ರ ಎಷ್ಟು ಬಾರಿ ಕೂಡಿಸಿದರೂ ಅಳಿದಿಲ್ಲವೆಂಬುದು ನಡೆದು ನೋಡಿದವರಿಗೆ ತಿಳಿಯುತ್ತದೆ.

ಪಾರ್ಕಿನ ಅಂಚಿನಲ್ಲಿ ಎದುರುಬದುರಾಗಿ ಎರಡು ಕಟ್ಟಡಗಳು. ಒಂದು 1868ರ ಅಠಾರಾ ಕಚೇರಿ, ಈಗಿನ ಹೈಕೋರ್ಟು. ಇನ್ನೊಂದು ವಿಧಾನಸೌಧ. ಪರಕೀಯರ ಕಚೇರಿಯನ್ನು ಮೀರಿಸುವಂತೆ ನಮ್ಮದೊಂದು ಸೌಧ ಏಳಬೇಕೆಂದು ಕೆಂಗಲ್ ಹನುಮಂತಯ್ಯನವರು ಹಟ ಹಿಡಿದರು. 1951ರಲ್ಲಿ ನೆಹರೂ ಅಡಿಗಲ್ಲಿಟ್ಟರು, 1956ರಲ್ಲಿ ಕೆಲಸ ಮುಗಿಯಿತು. ಇದೆಲ್ಲ ಸರಿ. ಆದರೆ ಸುಮಾರು 5,000 ಮಂದಿ ಕೂಲಿಗಳು ಅಲ್ಲಿ ದುಡಿದರು, ಅವರಲ್ಲಿ ಹೆಚ್ಚಿನವರು ಸೆರೆಮನೆಯ ಕೈದಿಗಳು, ಅವರ ಜೊತೆಗೆ 1,500ರಷ್ಟು ಕಲ್ಲುಕುಟಿಗರು, ಗಾರೆಯವರು, ಮರಗೆಲಸದವರು ಇದ್ದರು ಎಂಬ ಮಾತನ್ನು ಮೆಟ್ಟಿಲ ಮುಂದೆ ನಿಂತು ಎಷ್ಟು ಮಂದಿ ಹೇಳುತ್ತಾರೆ? ಸರ್ಕಾರದ ಕೆಲಸ ದೇವರ ಕೆಲಸ ಎಂದು ಹಣೆಯ ಮೇಲೆ ಕೆತ್ತಿದ್ದಾರೆ. ಆ ಅಕ್ಷರ ಕೆತ್ತಿದವನೂ ಒಬ್ಬ ಮನುಷ್ಯನೇ.

ಇನ್ನು ಪಡುವಣಕ್ಕೆ ತಿರುಗಿದರೆ ಫ್ರೀಡಂ ಪಾರ್ಕು. 1867ರ ಹಳೆಯ ಸೆಂಟ್ರಲ್ ಜೈಲು 2008ರಲ್ಲಿ ಪಾರ್ಕಾಯಿತು. 1975ರ ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇಲ್ಲಿದ್ದರೆಂದು ತೋರಿಸುತ್ತಾರೆ. ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿ ನಟಿಸಿದ, ಲೋಹಿಯಾ ವಿಚಾರವನ್ನು ನಂಬಿದ್ದ ಸ್ನೇಹಲತಾ ರೆಡ್ಡಿಯವರೂ ಇಲ್ಲಿದ್ದರು. 1976ರಲ್ಲಿ ಹಿಡಿದು ತಂದರು. ಉಬ್ಬಸದ ರೋಗಿಯಾಗಿದ್ದ ಆ ತಾಯಿಯನ್ನು 1977ರ ಜನವರಿಯಲ್ಲಿ ಬಿಟ್ಟರು. ಬಿಟ್ಟ ಕೆಲವೇ ದಿನಗಳಲ್ಲಿ ತೀರಿಕೊಂಡರು. ಈ ಹೆಸರನ್ನು ಬಿಟ್ಟು ಫ್ರೀಡಂ ಪಾರ್ಕನ್ನು ತೋರಿಸಿದರೆ ಅರ್ಧ ತೋರಿಸಿದಂತೆ. ಹಾಗೆಯೇ, 2021ರ ಆದೇಶವೊಂದು ಬೆಂಗಳೂರು ನಗರದ ಪ್ರತಿಭಟನೆಗಳನ್ನೆಲ್ಲ ಈ ಹಳೆಯ ಜೈಲಿನ ಆವರಣಕ್ಕೇ ಸೀಮಿತಗೊಳಿಸಿತೆಂಬುದನ್ನೂ ಹೇಳಬೇಕು. ಕ್ಯಾಮೆರಾ ಹಿಡಿದವರು ಸಾಲಾಗಿ ನಡೆದರೆ ಪರಂಪರೆ. ಬಾವುಟ ಹಿಡಿದವರು ಸಾಲಾಗಿ ನಡೆದರೆ ಸಂಚಾರಕ್ಕೆ ಅಡ್ಡಿ! ರಾಜಧಾನಿಯ ಬೀದಿಯಲ್ಲಿ ದುಡಿಯುವವನು ತಲೆಯೆತ್ತಿ ನಡೆದದ್ದು ಮೆರವಣಿಗೆಯಲ್ಲಿ ಮಾತ್ರ. ಆ ನಡಿಗೆಯೂ ಈ ಊರಿನ ಚರಿತ್ರೆಯೇ.

ಫ್ರೀಡಂ ಪಾರ್ಕಿನಿಂದ ಮೆಜೆಸ್ಟಿಕ್ ಕೂಗಳತೆ. ಸುತ್ತು ಮುಗಿಯಿತು.

ಸುತ್ತಿಗೆ ಸಿಗದ ಜಾಗಗಳು

ಇಷ್ಟು ದಾರಿಯಲ್ಲಿ ಕಾಣುವಂಥ ಗುರುತಾದರೂ ಉಳಿದಿದೆ. ಗುರುತೇ ಉಳಿಯದ ಜಾಗಗಳಿವೆ. ಅವುಗಳ ಮಾತು ಗಿರಣಿಯ ಬಂಧುಗಳಿಗೆ ತಾಗದೆ ಇರದು.

1884ರಲ್ಲಿ ಆರಂಭವಾಗಿ ಬಿನ್ನಿ ಕಂಪನಿಯ ಕೈಗೆ ಬಂದ ಉಣ್ಣೆ, ಹತ್ತಿ, ರೇಷ್ಮೆಯ ಮಿಲ್ಲಿನಲ್ಲಿ ತಲೆಮಾರುಗಟ್ಟಲೆ ಜನ ದುಡಿದರು. ಈಗ ಬಿನ್ನಿಪೇಟೆ ಎಂಬ ಹೆಸರಿದೆ. ಮಿಲ್ಲಿನ ನೆಲದಲ್ಲಿ ಮಹಡಿ ಮೇಲೆ ಮಹಡಿಯ ಮನೆಗಳು, ಮಾಲು. ಮಲ್ಲೇಶ್ವರದ ಅಂಚಿನಲ್ಲಿ ರಾಜಾ ಮಿಲ್ಲಿದ್ದ ಕಡೆಯೂ ದೊಡ್ಡ ಮಾಲು ಎದ್ದಿದೆ. ಮಿನರ್ವ ಮಿಲ್ಲಿನ ಹೆಸರನ್ನು ದೇಶದ ವಕೀಲರೆಲ್ಲ ಬಲ್ಲರು, ಏಕೆಂದರೆ ಸಂವಿಧಾನದ ತಿದ್ದುಪಡಿಗೆ ಮಿತಿ ಎಷ್ಟೆಂದು 1980ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಆ ಹೆಸರಿನ ಮೊಕದ್ದಮೆಯಲ್ಲಿ. ಆದರೆ ಆ ಮಿಲ್ಲಿನ ಮಗ್ಗ ನಡೆಸಿದವರನ್ನು ಯಾವ ವಕೀಲರು ಬಲ್ಲರು?

ಮಲ್ಲೇಶ್ವರ, ಬಸವನಗುಡಿಗಳಿಗೂ ನಡಿಗೆಗಳು ಹೋಗುತ್ತವೆ. 1898ರ ಪ್ಲೇಗಿನಲ್ಲಿ ಇಕ್ಕಟ್ಟಾದ ಪೇಟೆಯ ಜನ ಸಾವಿರಗಟ್ಟಲೆ ಸತ್ತ ಮೇಲೆ ಬೆಳೆದ ಬಡಾವಣೆಗಳವು. ಅಗಲವಾದ ಬೀದಿ, ಮರಗಳ ನೆರಳು, ಹೆಂಚಿನ ಮನೆ ಎಲ್ಲವನ್ನೂ ತೋರಿಸುತ್ತಾರೆ. ಮನೆಗಳ ಹಿತ್ತಿಲಿಗೆ ಹೊಂದಿಕೊಂಡ ಕಿರುಗಲ್ಲಿಯನ್ನೂ ತೋರಿಸಬೇಕು. ಅದನ್ನು ಬಿಟ್ಟದ್ದು ಮಲ ಹೊರುವವರು ಮುಂಬಾಗಿಲ ಕಣ್ಣಿಗೆ ಬೀಳದೆ ಬಂದು ಹೋಗಲೆಂದು. ಆ ಗಲ್ಲಿಯಲ್ಲಿ ಎರಡು ನಿಮಿಷ ನಿಂತರೆ ಸಾಕು, ಜಾತಿಯೆಂದರೇನೆಂದು ಬೇರೆ ಉಪನ್ಯಾಸ ಬೇಡ.

ದೀಪದ ಕತೆಯೂ ಹಾಗೆಯೇ. 1905ರಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂತೆಂದು ಹೆಮ್ಮೆಯಿಂದ ಹೇಳುತ್ತೇವೆ. ಶಿವನಸಮುದ್ರದ ಅದೇ ವಿದ್ಯುತ್ತು ಮೂರು ವರ್ಷ ಮೊದಲೇ, 1902ರಲ್ಲಿ, ಕೋಲಾರದ ಚಿನ್ನದ ಗಣಿಗೆ ಹೋಗಿತ್ತು. ಮೊದಲು ಕಂಪನಿಯ ಚಿನ್ನ, ಆಮೇಲೆ ಊರಿಗೆ ಬೆಳಕು.

ಇನ್ನೂ ಹತ್ತಿರದ ಸಂಗತಿಗಳು: 1980ರ ಡಿಸೆಂಬರಿನಿಂದ 77 ದಿನ ಎಚ್.ಎ.ಎಲ್., ಎಚ್.ಎಂ.ಟಿ., ಐ.ಟಿ.ಐ., ಬಿ.ಇ.ಎಲ್. ಮುಂತಾದ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು ನಡೆಸಿದ ಮುಷ್ಕರ. 2016ರ ಏಪ್ರಿಲಿನಲ್ಲಿ, ಭವಿಷ್ಯನಿಧಿಯ ತಮ್ಮದೇ ಹಣಕ್ಕೆ ಕೇಂದ್ರ ಸರ್ಕಾರ ಬೀಗ ಹಾಕಹೊರಟಾಗ, ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ಕಾರ್ಖಾನೆಗಳಿಂದ ಹೊರಬಂದು ಹೊಸೂರು ರಸ್ತೆಯಲ್ಲಿಯೂ ತುಮಕೂರು ರಸ್ತೆಯಲ್ಲಿಯೂ ನಿಂತರು. ಎರಡನೆಯ ದಿನವೇ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ಇಡೀ ದೇಶದ ಕಾರ್ಮಿಕರ ಹಣ ಉಳಿಸಿದ ಆ ತಾಯಂದಿರು ನಿಂತ ರಸ್ತೆಯಲ್ಲಿ ಒಂದು ಫಲಕವಾದರೂ ಏಳಬೇಡವೇ?

ಇದರಿಂದ ಏನು ಬಂತು?

ಈ ವಿಷಯ ನಮ್ಮ ಕಚೇರಿಯಲ್ಲಿ ಮಾತಿಗೆ ಬಂದಾಗ ನೂಲುವ ಖಾತೆಯ ಹಿರಿಯರೊಬ್ಬರು ನೇರವಾಗಿ ಕೇಳಿದರು: “ಮೇಷ್ಟ್ರೇ, ಬರೋ ಕೂಲಿ ರೇಷನ್ನಿಗೇ ಸಾಲದು. ಊರು ಸುತ್ತಿ ಕಲ್ಲು ನೋಡಿದ್ರೆ ಏನು ಬಂತು?”

ನ್ಯಾಯವಾದ ಪ್ರಶ್ನೆ. ಉತ್ತರ ಹೀಗಿದೆ. ಮಿಲ್ಲು ಮುಚ್ಚಿ ನೆಲ ಮಾರುವಾಗ ಮಾಲೀಕನ ಕಾಗದದಲ್ಲಿ ಅದು ಇಷ್ಟು ಎಕರೆ ಎಂದಿರುತ್ತದೆ. ಅಲ್ಲಿ ಮೂರು ತಲೆಮಾರು ಬೆವರು ಸುರಿಸಿದೆ ಎಂದು ಹೇಳುವವರು ಯಾರೂ ಇರದಿದ್ದರೆ ಎಕರೆಯ ಲೆಕ್ಕವೇ ಗೆಲ್ಲುತ್ತದೆ. ಬೀದಿ ವ್ಯಾಪಾರಿಯನ್ನು ಎಬ್ಬಿಸುವಾಗ ಅವನು ನಿನ್ನೆ ಮೊನ್ನೆ ಬಂದು ಕೂತ ಅತಿಕ್ರಮಣಕಾರನೆಂದು ಹೇಳುತ್ತಾರೆ. ಪೇಟೆ ಹುಟ್ಟಿದ್ದೇ ಬೀದಿಯ ವ್ಯಾಪಾರದಿಂದ ಎಂದು ಬಲ್ಲವನಿಗೆ ಆ ಮಾತಿಗೆ ಜವಾಬು ಕೊಡುವ ಬಲ ಇರುತ್ತದೆ. ಊರಿನ ಮೇಲೆ ಹಕ್ಕು ಕೇಳುವವನಿಗೆ ಊರಿನ ಕತೆ ಗೊತ್ತಿರಬೇಕು. ಚರಿತ್ರೆ ಹೊಟ್ಟೆ ತುಂಬಿಸದು, ನಿಜ. ಆದರೆ ತುತ್ತು ಕಸಿಯಲು ಬಂದವನ ಮುಂದೆ ನಿಂತು ಮಾತನಾಡಲು ಅದು ಬೇಕು.

ಹಾಗಾದರೆ ಮಾಡಬೇಕಾದ್ದೇನು? ಮೊದಲನೆಯದು, ನಡಿಗೆಗಳು ಕನ್ನಡದಲ್ಲಿ ನಡೆಯಬೇಕು. ಬೆಂಗಳೂರಿನ ಕೂಲಿಕಾರರು ಆಡುವ ತಮಿಳು, ತೆಲುಗು, ಉರ್ದುವಿನಲ್ಲಿಯೂ ನಡೆಯಬೇಕು. ಎರಡನೆಯದು, ಐದು ಪಾಲಿಕೆಗಳೂ ಪ್ರವಾಸೋದ್ಯಮ ಇಲಾಖೆಯೂ ತಿಂಗಳಿಗೆ ಒಂದು ಭಾನುವಾರವಾದರೂ ಶುಲ್ಕವಿಲ್ಲದ ನಡಿಗೆ ಏರ್ಪಡಿಸಬೇಕು. ಮೂರನೆಯದು, ತೋರಿಸುವವರು ಆ ಜಾಗದಲ್ಲಿ ಬದುಕಿದವರಾಗಿರಬೇಕು. ಇದು ಆಗದ ಮಾತೇನಲ್ಲ. ದಿಲ್ಲಿಯಲ್ಲಿ ಸಲಾಮ್ ಬಾಲಕ್ ಟ್ರಸ್ಟಿನವರು ಪಹಾಡ್‌ಗಂಜ್ ಸುತ್ತಿನ ನಡಿಗೆಗೆ ಒಂದು ಕಾಲದಲ್ಲಿ ಬೀದಿಯಲ್ಲಿ ಬೆಳೆದ ಹುಡುಗರನ್ನೇ ಮಾರ್ಗದರ್ಶಕರನ್ನಾಗಿ ಮಾಡಿದ್ದಾರೆ. ಬೆಂಗಳೂರಿನ ಹಳೆಯ ಮಿಲ್ಲು ಕಾರ್ಮಿಕರು, ನಿವೃತ್ತ ಪೌರಕಾರ್ಮಿಕರು, ಪೇಟೆಯ ಹಮಾಲಿಗಳು ಈ ಕೆಲಸ ಮಾಡಲಾರರೇ? ಅವರಿಗೆ ಅದಕ್ಕೆ ತಕ್ಕ ಕೂಲಿಯೂ ಸಿಗಬೇಕು. ವಯಸ್ಸಾದವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ, ತಡಮಾಡಿದರೆ ಕೇಳಲು ಯಾರೂ ಉಳಿಯುವುದಿಲ್ಲ. ನಾಲ್ಕನೆಯದು, ನಡೆಯಲು ಕಾಲುದಾರಿ ಬೇಕು. ಒಡೆದ ಚಪ್ಪಡಿ, ತೆರೆದ ಗುಂಡಿ, ಕಾಲುದಾರಿಯ ಮೇಲೆಯೇ ಏರುವ ಮೋಟಾರು ಸೈಕಲ್ಲು ಇರುವ ತನಕ ಬೆಂಗಳೂರಿನಲ್ಲಿ ನಡೆಯುವುದೇ ಒಂದು ಸಾಹಸ. ಕಚೇರಿಗೂ ಕೆಲಸಕ್ಕೂ ದಿನವೂ ನಡೆದೇ ಹೋಗುವ ಬಡವನಿಗೆ ಆ ಸಾಹಸ ದಿನದ ಪಾಡು.

ಇವೆಲ್ಲ ಸರ್ಕಾರದಿಂದ ಆಗುವ ತನಕ ನಾವು ಕಾಯಬೇಕಾಗಿಲ್ಲ. ಮುಂದಿನ ಬಾರಿ ಮನವಿ ಹಿಡಿದು ಬೆಂಗಳೂರಿಗೆ ಹೋದಾಗ, ಕೆಲಸ ಮುಗಿದು ರೈಲಿಗೆ ಇನ್ನೂ ಹೊತ್ತಿದ್ದರೆ, ನಿಲ್ದಾಣದ ಬೆಂಚಿನ ಮೇಲೆ ಒರಗಬೇಡಿ. ಮೇಲೆ ಹೇಳಿದ ದಾರಿಯಲ್ಲಿ ಅರ್ಧವನ್ನಾದರೂ ನಡೆಯಿರಿ. ಜೊತೆಗೆ ಹುಡುಗರನ್ನು ಕರೆದುಕೊಳ್ಳಿ. ಕುಂಬಾರಪೇಟೆಯಲ್ಲಿ, ಅರಳೆಪೇಟೆಯಲ್ಲಿ ಬೀದಿಯ ಹೆಸರನ್ನು ಗಟ್ಟಿಯಾಗಿ ಓದಿಸಿ. ವಿಧಾನಸೌಧದ ಮುಂದೆ ನಿಂತು, ಕಟ್ಟಿಸಿದವರ ಹೆಸರನ್ನು ಹೇಳಿ. ಆಮೇಲೆ ಕಟ್ಟಿದವರು ಯಾರೆಂದೂ ಹೇಳಿ.